ಯಾವ ಬೀಪ್ ಆರಿಸೋಣ, ದೇವದಾಸಣ್ಣ?

...ಇಲ್ರಿ, ಇದೂ ಬ್ಯಾಡ! ಇನ್ನೊಮ್ಮೆ ಒತ್ತತೀನಿ, ಕೇಳ್ರಿ. ಟಿಂಗ್-ಟಾಂಗ್! ಫೋರ್ಕ್‌ಲಿಫ್ಟ್ ಹಿಂದ ಬರಲಿಕ್ಕತ್ತದ ಅಂತ ಯಾರಿಗರ ತಿಳೀತದೇನು? ಪಾರ್ಸಲ್ ಬಂತು ಅಂತ ಬಾಗಿಲಾ ತಗೀಲಿಕ್ಕೆ ಹೋಗ್ತಾರ. ಇಡ್ರಿ ಅತ್ಲಾಗ.

ಇದು ಮಾತಾಡ್ತದಂತ. ‘ಕೃಪಯಾ ಧ್ಯಾನ್ ದೀಜಿಯೇ...’ ಸಾಕು ಸಾಕು, ಬಂದ್ ಮಾಡ್ರಿ! ಈ ಪುಣೇದ ಕೊಂಢವಾದಾಗ ಟೆಂಪೋ, ಕಾರು, ಕಸದ ಗಾಡಿ ಎಲ್ಲಾ ಹಿಂಗs ಬಡ್ಕೋತಾವ. ಯಾರು ತಿರುಗಿ ನೋಡ್ತಾರ? ನೀವು ನೋಡ್ತೀರಿ? ...ಮತ್ತ!

ಮುಂಜಾನಿಂದ ಆರು ನೋಡಿದ್ವಿ. ಒಂದರ ನೆಟ್ಟಗ ಅದ ಏನು? ಆ ಕರೇದು ಜೋರಾಗಿ ಒದರ್ತು ಅಂದ್ರ ಮ್ಯಾಲಿನ ಆಫೀಸಿನವರು ಕಿವಿ ಮುಚ್ಕೊಂಡು ಕೆಳಗ ಇಳದು ಬಂದ್ರು. ಸಣ್ಣದು ಹಚ್ಚಿದ್ರ, ಟೈಲ್ಸ್ ಕತ್ತರಸೋ ಮಶೀನ್ ಚಾಲೂ ಆದಕೂಡ್ಲೆ ಅದರ ಸದ್ದು ಅದಕ್ಕs ಕೇಳಂಗಿಲ್ಲ. ತಲಿ ಕೆಟ್ಟು ಹೋಗ್ಯದ ನನ್ನದು!

ಬೀಪ್ ಬಿಟ್ಟು ಲೈಟ್ ಹಾಕೋಣ ಅಂದ್ರ ಈ ನೀಲಿ ಲೈಟು. ಗಾಡಿ ಹಿಂದ ನೆಲದ ಮ್ಯಾಲ ನೀಲಿ ಗುಂಡು ಬೀಳ್ತದ, ಮಂದಿ ಅದನ್ನ ನೋಡಿ ಸರೀತಾರ. ಭಾಳ ಚಂದ. ಆದ್ರ ಶಟರ್ ಹತ್ರ, ಹನ್ನೊಂದರ ಬಿಸಿಲಿನಾಗ, ಎಲ್ಲಿ ಅದ ಹೇಳ್ರಿ ಆ ಗುಂಡು? ಹುಡುಕ್ರಿ! ...ಸಿಗಲಿಲ್ಲ, ಹೌದಿಲ್ಲೋ? ಟೈಲ್ಸ್ ಪ್ಯಾಕ್ ಮಾಡೋ ಸಿಂಧುಗ ನಿಮ್ಮ ಗಾಡಿ ಬಡದದ್ದೂ ಅಲ್ಲೇ.

ಯಾಕ ಮಾರಿ ಹಂಗ ಮಾಡಿದ್ರಿ? ಆರಾಮ ಇದ್ದಾಳ ಆಕಿ. ನಿನ್ನೆ ಹೋಗಿದ್ದೆ. ಮೊಣಕಾಲ ತನಕಾ ಪ್ಲಾಸ್ಟರ್. ‘ಮ್ಯಾಡಮ್, ಆವಾಜ್ ಆಲಾಚ್ ನಾಹೀ’, ಸದ್ದೇ ಬರಲಿಲ್ಲ ಅಂತ, ಅದನ್ನೇ ಹೇಳ್ತಾಳ. ಹೊಳ್ಳಿ ಹೊಳ್ಳಿ ಅದನ್ನೇ.

ನಾಲ್ಕಕ್ಕ ಪೃಥ್ವಿರಾಜ್ ಸಾಹೇಬ್ರು ಬರ್ತಾರ. ಗೋಡೌನ್ ಅವರದು, ಬೈಗುಳ ನನಗ. ‘ನೀಲಿಮಾ, ಸೇಫ್ಟಿ ನಿನ್ನ ಕೈಯಾಗ ಕೊಟ್ಟೀನಿ’ ಅಂತಾರ. ಅಷ್ಟರಾಗ ಒಂದು ಅಲಾರ್ಮ್ ಆರಿಸಬೇಕು, ಈ ಕಾಗದಕ್ಕ ನಿಮ್ಮ ಸಹಿ ಆಗಬೇಕು... ಮತ್ತ ಓದ್ತೀರಿ? ನಾಲ್ಕು ಸರ್ತಿ ಓದೀರಲ್ರಿ! ‘ಅಲಾರ್ಮ್ ಮೊದಲೇ ಕೆಟ್ಟಿತ್ತು, ಡ್ರೈವರ್ ತಿಳಿಸದೆ ಗಾಡಿ ಓಡಿಸಿದ.’ ಅಷ್ಟೇ. ಹೆಚ್ಚಂದ್ರ ಕೆಲಸ... ಅಲ್ಲ, ಹಂಗಲ್ಲ... ನಿಮ್ಮ ತಮ್ಮಂದು ಹೋಟೆಲ್ ಅದಲ್ಲ, ಗಲ್ಲಾಕ್ಕ ಕೂಡ್ರಿ. ಹನ್ನೆರಡು ವರ್ಷ ಈ ಗಾಡಿ ಓಡಿಸಿ ಬ್ಯಾಸರ ಆಗಿಲ್ಲೇನು? ನಾನೆಲ್ಲಿ ಹೋಗ್ಲಿ? ನನಗ ಯಾರು ಇಟ್ಟಾರ ಹೋಟೆಲ್? ...ಹಂಗ ನೋಡಬ್ಯಾಡ್ರಿ. ಬರೀರಿ, ಬರೀರಿ ಲಗೂನ.

ಏನು ಹುಡುಕಲಿಕ್ಕತ್ತೀರಿ ಆ ಡಬ್ಬಿಯಾಗ? ಅದು ಹಳೇದ್ರಿ, ಗಾಡಿಯಿಂದ ಬಿಚ್ಚಿದ್ದು. ಕೆಟ್ಟದ ಅಂದೆನಲ್ಲ! ಬ್ಯಾಟರಿಗೆ ಹಚ್ಚಬ್ಯಾಡ್ರಿ... ದೇವದಾಸಣ್ಣ, ಒಳಗ ಸುಟ್ಟದ ಅದು, ಬ್ಯಾಡ ಅಂದ್ರೂ...

ನಿಲ್ಲಸ್ರಿ.

ನಿಲ್ಲಸ್ರಿ ಅಂದೆ! ಕೇಳ್ತು. ಇಡೀ ಗೋಡೌನಿಗೆ ಕೇಳ್ತು.

...ಏನರ ಅನ್ರಿ. ಬೈರಿ ಬೇಕಾದ್ರ.

ಖಂಡೇನವಮಿ ದಿನ... ಭಟ್ರು ಮಂತ್ರ ಶುರು ಮಾಡಿಬಿಟ್ಟಿದ್ರು. ನೀವಿನ್ನೂ ಗಾಡೀನ ಹಿಂದ ಮುಂದ ಮಾಡಿ ಪೂಜಾಕ್ಕ ನಿಲ್ಲಸ್ಲಿಕ್ಕತ್ತಿದ್ರಿ. ಇದು ಒಂದೇ ಸಮನ ಒದರ್ತು, ಸಾಹೇಬ್ರು ನನ್ನ ಕಡೆ ಕಣ್ಣು ಬಿಟ್ರು. ಒಂದು ನಿಮಿಷ ತಡೀರಿ ಅಂತ ಹೇಳಿ ನಾನು ಗಾಡಿ ಹಿಂದ ಹೋದೆ... ನಿಮ್ಮ ಕನ್ನಡಿಯಾಗ ಕಂಡಿತ್ತೇನು? ನಾನು ವಾಯರ್ ಕಿತ್ತಿದ್ದು ಕಂಡಿತ್ತೇನ್ರಿ?

...ಗೋಣು ಹಾಕ್ತೀರಿ. ಕಂಡಿತ್ತು.

ಪೂಜಾ ಮುಗಿದ ಮ್ಯಾಲ ಮ್ಯಾಡಮ್ ಜೋಡಿಸಿರ್ತಾರ ಅಂತ ನಂಬಿದ್ರಿ. ಹೌದಿಲ್ಲೋ? ಮರುದಿನ ದಸರಾ ಸೂಟಿ. ಅದರ ಮರುದಿನ ಮುಂಜಾನೆ ಮೊದಲನೇ ಲೋಡ್... ಮಶೀನಿನ ಗದ್ದಲದಾಗ ಬೀಪ್ ಬರವಲ್ದು ಅಂತ ನಿಮಗರ ಹ್ಯಾಂಗ ತಿಳೀಬೇಕು. ನಾ ಮರತೆ. ಆಣಿ ಮಾಡಿ ಹೇಳ್ತೀನಿ, ಮರತೇಬಿಟ್ಟೆ. ಎಲ್ಲಾರಿಗೂ ಪೇಢೆ ಹಂಚೋದು ಮರೀಲಿಲ್ಲ ನೋಡ್ರಿ. ಹಿಂದಿನ ಲೈಟ್ ಮುಚ್ಚೋ ಹಂಗ ಚೆಂಡು ಹೂವಿನ ಮಾಲಿ ಕಟ್ಟೋದೂ ಮರೀಲಿಲ್ಲ.

ಎಂಟು ದಿನಾ ಯಾಕ್ರಿ ಬಾಯಿ ಬಿಡಲಿಲ್ಲ? ನಾನಾಗೇ ಹೇಳ್ತೀನಿ ಅಂತ ದಾರಿ ಕಾದ್ರೇನು?

ಕೊಡ್ರಿ ಆ ಕಾಗದ ಇತ್ಲಾಗ... ಇದೇನಿದು? ಸಹಿ? ಯಾವಾಗ ಮಾಡಿದ್ರಿ? ನಾ ಬರೀರಿ ಅಂದಾಗ? ಎಲ್ಲಾ ಗೊತ್ತಿದ್ದೂ?

ಎಲ್ಲಿ ಹೊಂಟ್ರಿ? ದೇವದಾಸಣ್ಣ! ನಿಂದ್ರಿ. ಹರದೆ, ನೋಡ್ರಿ, ಹರದುಬಿಟ್ಟೆ. ನಾಲ್ಕರ ತನಕಾ ನನ್ನ ಬಾಜೂಕ ನಿಂದ್ರಿ, ಅಷ್ಟೇ. ಇವತ್ತೂ ನೀವು ಏನೂ ಮಾತಾಡೋದು ಬ್ಯಾಡ. ಸಾಹೇಬ್ರ ಮುಂದ ನಾನೇ ಮಾತಾಡ್ತೀನಿ.