ಗುಡ್ಡದ ಆಚೆಯ ರಕ್ತ

ಮಧ್ಯಾಹ್ನದ ಮಳೆಗೆ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಪಾರ್ಕಿಂಗ್ ಪೂರ್ತಿ ಕೆರೆಯಾಗಿತ್ತು. ಮನೆಯಿಂದಲೇ ಕೆಲಸ ಮಾಡಿ ಎಂದು ಆಫೀಸಿನವರು ಹೇಳಿದ್ದರು, ಮಾಡುವವರು ಯಾರು? ಶ್ರವಣ್ ಹಾಲ್‌ನಲ್ಲಿ ಕೂತು ಹೊಸ ಬೂಟಿನ ಲೇಸ್ ಬಿಗಿಯುತ್ತಿದ್ದ. ಬರುವ ವಾರ ಬಾಸ್ ಜೊತೆ ನಮೀಬಿಯಾದ ಬಯಲಿಗೆ ಬೇಟೆಗೆ ಹೊರಟವನು ಅವನು. ಹೆಂಡತಿ ಅಶ್ಮಿತಾಳಿಗೆ ಅದು ಸುತರಾಂ ಇಷ್ಟವಿರಲಿಲ್ಲ, ತನ್ನ ದೊಡ್ಡಪ್ಪ ಕೊರಗಪ್ಪನ ಬಾಯಿ ಬಿಡಿಸಿದ್ದೂ ಅವಳೇ. ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅವರು ಒಂದು ಕಾಲದಲ್ಲಿ ಅಬುಧಾಬಿಯ ಖಾಲಿದಿಯಾದಲ್ಲಿ ಅರಬಿಯೊಬ್ಬನ ಮನೆಯ ಅಡುಗೆಯವರು. ಅರ್ಬಾಬ್ ಎಂದು ಕರೆಯುತ್ತಿದ್ದ ಆ ಯಜಮಾನನ ಜೊತೆ ಅದೇ ಬಯಲಿಗೆ ಹೋಗಿ ಬಂದವರು. ಚಹಾದ ಲೋಟ ಕೆಳಗಿಟ್ಟು ಅವರು ಶುರುಮಾಡಿದರು.

“ನಿನ್ನ ಜಿಮ್ಮಿನ ತೋಳು ಅಲ್ಲಿ ಎಂತಕ್ಕೂ ಆಗುದಿಲ್ಲ ಮಗಾ. ಬೆಳಿಗ್ಗೆ ಆರಕ್ಕೆ ನಡೀಲಿಕ್ಕೆ ಶುರು ಮಾಡಿದ್ರೆ ಹತ್ತು ಗಂಟೆಗೆ ಹೊಟ್ಟೆ ಮೇಲೆ ತೆವಳಬೇಕು… ಕಲ್ಲು, ಮುಳ್ಳು, ಮೊಣಕೈ ಚರ್ಮ ಕಿತ್ತು ಹೋಗ್ತದೆ. ಅದನ್ನಾದ್ರೂ ತಡ್ಕೊಳ್ಬಹುದು. ಆದ್ರೆ ಆ ಉದ್ದ ಕೊಂಬಿನ ಜಿಂಕೆ, ಓರಿಕ್ಸ್, ಎದುರಿಗೆ ನಿಂತಾಗ ಎದೆ ಹೊಡ್ಕೊಳ್ತದಲ್ಲ, ಕೋವಿ ನಡುಗ್ತದಲ್ಲ, ಅದಕ್ಕೆ ಎಂತ ಮಾಡ್ತಿ? ನಮ್ಮ ಅರ್ಬಾಬಿಗೂ ನಡುಗಿತು. ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬಿತ್ತು. ಅದು ಓಡಿತು.

“ಅಲ್ಲಿ ಒಂದು ಕ್ರಮ ಉಂಟು. ಗಾಯ ಮಾಡಿದ್ರೆ ಬಿಟ್ಟು ಬರುವ ಹಾಗಿಲ್ಲ, ಸಿಗುವವರೆಗೆ ಹುಡುಕ್ಬೇಕು. ನಮ್ಮ ಜೊತೆ ಮಂಜೇಶ್ವರದ ಅಲಿಕುಂಞಿ ಇದ್ದ. ಬಿದ್ದ ಪ್ರಾಣಿಯ ಜೀವ ಹೋಗುವ ಮೊದಲು ಬಿಸ್ಮಿ ಹೇಳಿ ಕುತ್ತಿಗೆ ಕೊಯ್ಯುವುದು ಅವನ ಕೆಲಸ, ಇಲ್ಲದಿದ್ರೆ ಅರ್ಬಾಬ್ ಮಾಂಸ ಮುಟ್ಟುದಿಲ್ಲ. ಹುಲ್ಲಿನ ಮೇಲೆ ಬಿದ್ದ ರಕ್ತದ ಹನಿ ನೋಡ್ಕೊಂಡು ಮಧ್ಯಾಹ್ನ ಮೂರರವರೆಗೆ ನಡೆದೆವು. ನೀರು ಮುಗಿಯಿತು. ಜಾಡು ಹಿಡಿಯುವ ಅಲ್ಲಿಯವನು ಗಾಡಿ ತರ್ಲಿಕ್ಕೆ ಹೋದ. ಅರ್ಬಾಬ್ ಮರದ ಬುಡದಲ್ಲಿ ಕೂತು ಹೇಳಿದ, ಆ ಗುಡ್ಡದ ಆಚೆ ರಕ್ತ ಉಂಟಾ ನೋಡು ಕೊರಗಪ್ಪ, ಇಲ್ಲದಿದ್ರೆ ಖಲಾಸ್, ವಾಪಸ್ ಹೋಗುವ ಅಂತ.

“ಹೋದೆ. ನೋಡಿದೆ… ರಕ್ತ ಇತ್ತು. ಇನ್ನೂ ಹಸಿ. ನನ್ನ ಕಾಲಿನಲ್ಲಿ ಶಕ್ತಿ ಇರ್ಲಿಲ್ಲ, ತಲೆ ಸುತ್ತುತ್ತಿತ್ತು, ವಾಪಸ್ ಬಂದು ‘ಮಾಫಿ’ ಅಂದೆ, ಇಲ್ಲ ಅಂತ. ಅರ್ಬಾಬ್ ಎದ್ದ. ಅಲಿಕುಂಞಿ ಮಾತ್ರ ನನ್ನ ಮುಖ ನೋಡಿದ. ‘ಅದು ನರಳುವಾಗ ಬಿಟ್ಟು ಹೋದ್ರೆ ನನಗೆ ಪಾಪ ಕೊರಗಪ್ಪಣ್ಣ, ಒಮ್ಮೆ ನೋಡಿ ಬರ್ತೇನೆ’ ಅಂತ ಕತ್ತಿ ಹಿಡ್ಕೊಂಡು ಗುಡ್ಡ ಹತ್ತಿದ. ನಾನು ತಡೆದೆನಾ? ಇಲ್ಲ. ಜೊತೆಗೆ ಹೋದೆನಾ? ಅದೂ ಇಲ್ಲ.

“ನಾಲ್ಕು ದಿನ ಹುಡುಕಿದ್ರು. ಓರಿಕ್ಸ್ ಸಿಕ್ಕಿತು. ಕುತ್ತಿಗೆ ಕ್ರಮಪ್ರಕಾರ ಕೊಯ್ದಾಗಿತ್ತು, ಮುಖ ಮಕ್ಕಾದ ಕಡೆಗೆ ತಿರುಗಿಸಿ ಆಗಿತ್ತು. ಅಲಿಕುಂಞಿ ಸಿಗ್ಲಿಲ್ಲ.”

ಶ್ರವಣ್ ಬೂಟು ಬದಿಗಿಟ್ಟ. ಕತೆ ಮುಗಿಯಿತು ಎಂದುಕೊಂಡ, ಮುಗಿದರೆ ಸಾಕು ಎಂದೂ ಅನ್ನಿಸಿತು.

“ಮರುವಾರ ಅಲಿಕುಂಞಿ ಖಾಲಿದಿಯಾದ ಅಡುಗೆಕೋಣೆಗೆ ಬಂದ… ತುಟಿ ಒಡೆದಿತ್ತು, ಅಂಗಿ ತುಂಬ ಮುಳ್ಳು. ಕೇಳುವುದು ಒಂದೇ ಮಾತು, ‘ಗುಡ್ಡದ ಆಚೆ ರಕ್ತ ಇತ್ತಾ ಕೊರಗಪ್ಪಣ್ಣ?’ ನಾನು ಮಾಫಿ ಅಂತೇನೆ, ಹೋಗ್ತಾನೆ. ಹದಿನೆಂಟು ವರ್ಷ ಆಯ್ತು. ಊರಿಗೂ ಬರ್ತಾನೆ, ಈ ಮನೆಗೂ ಬಂದಿದ್ದಾನೆ. ಇತ್ತು ಅಂದ್ರೆ ನನ್ನನ್ನೂ ಕರ್ಕೊಂಡು ಹೋಗ್ತಾನೆ ಅಂತ ಹೆದರಿಕೆ. ಅದಕ್ಕೇ ಇಷ್ಟು ವರ್ಷ ಯಾರ ಹತ್ತಿರವೂ ಬಾಯಿ ಬಿಡ್ಲಿಲ್ಲ.”

“ಮತ್ತೆ ನಮಗೆ ಯಾಕೆ ಹೇಳಿದ್ರಿ ದೊಡ್ಡಪ್ಪ?” ಅಶ್ಮಿತಾ ಮೆಲ್ಲಗೆ ಕೇಳಿದಳು.

“ಇವನು ಹೊರಟಿದ್ದಾನಲ್ಲ. ಅಲ್ಲಿ ಯಾರಾದ್ರೂ ಕೇಳಿದ್ರೆ ಕಂಡದ್ದನ್ನು ಕಂಡ ಹಾಗೆ ಹೇಳ್ಲಿ ಅಂತ.” ಕೊರಗಪ್ಪ ಬಾಗಿಲ ಕಡೆಗೆ ನೋಡುತ್ತ ನಿಧಾನವಾಗಿ ಎದ್ದರು. “ಇಷ್ಟು ಹೊತ್ತು ಅಲಿಕುಂಞಿಯೂ ಅಲ್ಲಿ ನಿಂತು ಕೇಳ್ತಾ ಇದ್ದ… ನನ್ನ ಚಪ್ಪಲಿ ಎಲ್ಲಿ ಇಟ್ಟಿದ್ದಿ ಮಗಾ?”