ಬಿಳಿ ಮಗ್ಗುಲಿಗೆ ತಿರುಗಿದ ಬಿಲ್ಲೆ

ಇದು ನಮ್ಮ ಚಿಕ್ಕಮ್ಮನ ಮಗನಿಗೇ ಆದದ್ದು. ರಾತ್ರಿ ಹತ್ತು ದಾಟಿತ್ತು... ಹಿಡಿಗೆ ನೀಲಿ ಚಿಂದಿ ಸುತ್ತಿದ, ಹಾಯಿ ಹೊಲಿಯುವ ದಬ್ಬಳ ಹಿಡಿದು ಅವನು ಬೆಟ್ಟದ ಕಲ್ಲುಮೆಟ್ಟಿಲು ಇಳಿಯುತ್ತಿದ್ದ. ನಡುದಾರಿಯಲ್ಲೊಂದು ಬಾವಿ. ಕೆಳಗೆ ಬಂದರಿನಲ್ಲಿ ಅವನ ಹಡಗು.

ಹಳೆಯ ಬಂದರುಗಳನ್ನೂ ಅವುಗಳ ಬೆನ್ನಿಗಿರುವ ಬೆಟ್ಟಗಳನ್ನೂ ಜನರಿಗೆ ತೋರಿಸುತ್ತ ಸುತ್ತುವ ಹಾಯಿಹಡಗು ಅದು. ಅವನ ಅಕ್ಕನ ಗಂಡನೂ ಅದರಲ್ಲೇ ಕೆಲಸಕ್ಕಿದ್ದ. ಇವನಿಗೆ ಈಜು ಕಲಿಸಿದವನೇ ಆ ಭಾವ. ಮುಂದಿನ ಊರಿನಲ್ಲಿ ಇಬ್ಬರಲ್ಲೊಬ್ಬನಿಗೆ ಚುಕ್ಕಾಣಿ ಕೊಡುತ್ತೇನೆಂದು ಕಪ್ತಾನ ಹೇಳಿದ್ದ.

ಹಡಗು ಹತ್ತುವ ಏಣಿಯ ಪಕ್ಕದ ಹಲಗೆಯಲ್ಲಿ ಆಳಿಗೊಂದು ಮರದ ಬಿಲ್ಲೆ. ದಡಕ್ಕಿಳಿದರೆ ಕಪ್ಪು ಮಗ್ಗುಲು, ಮರಳಿ ಹತ್ತಿದರೆ ಬಿಳಿ. ಎಲ್ಲ ಬಿಳಿಯಾದರೆ ಲಂಗರು ಎತ್ತುವುದು. ಯಾರೂ ತಲೆ ಎಣಿಸುತ್ತಿರಲಿಲ್ಲ.

ಆ ಸಂಜೆ ಸಣ್ಣ ಹಾಯಿಯೊಂದು ಹರಿದಿತ್ತು. "ಮೇಲಿನ ಬೀದಿಯ ಮುದುಕನ ಹತ್ರ ದಬ್ಬಳ ತಗೊಂಬಾರೋ," ಅಂದಿದ್ದ ಭಾವ.

"ತಡವಾದ್ರೆ?"

"ನಾನಿಲ್ವೇನೋ ಇಲ್ಲಿ?"

ಬಾವಿಯ ಹತ್ತಿರ ಬಂದಾಗ ಕೆಳಗಿನಿಂದ ಸದ್ದು. ಕಟ್... ಕಟ್... ಕಟ್... ಲಂಗರಿನ ಸರಪಳಿ.

"ಹೊರಡ್ತಿದೆ," ಎಂದಿತು ಪಿಸುದನಿ.

ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದ. ಬಟ್ಟೆಯಿಂದ ನೀರು... ತೊಟ್... ತೊಟ್...

"ಹೊರಡಲ್ಲ. ನನ್ನ ಬಿಲ್ಲೆ ಕಪ್ಪಗಿದೆ," ಎಂದ ಇವನು.

"ಬೆಳ್ಳಗಿದೆ."

"ಯಾರು ತಿರುಗಿಸ್ತಾರೆ? ಕಾವಲಿಗಿರೋದು ನಮ್ಮ ಭಾವ."

"ನಂದು ತಿರುಗಿಸಿದ್ದು ನಮ್ಮಣ್ಣ."

ಕೆಳಗೆ ಹಾಯಿ ಬಿಚ್ಚಿಕೊಂಡಿತು... ಫಡ್. ಹಡಗಿನ ದೀಪ ಮೆಲ್ಲಗೆ ಸರಿಯಿತು. 'ನಾನಿಲ್ವೇನೋ' ಅಂದ ಮುಖವೇ ಇವನ ಕಣ್ಣೆದುರು ನಿಂತಿತು. ನೀರಿನಲ್ಲಿ ತನ್ನ ಹೊಟ್ಟೆಯಡಿ ಹಿಡಿದಿದ್ದ ಕೈ ನೆನಪಾಯಿತು.

"ಹಲಗೆ ಪ್ರಕಾರ ನೀನು ಹಡಗಲ್ಲಿದ್ದೀಯ. ಆದ್ರೆ ಜಾಗ ಖಾಲಿ," ಎಂದಿತು ಪಿಸುದನಿ. "ನಾನು ಹೋಗ್ಲಾ?"

"ಹೋಗು. ಇದನ್ನೂ ತಗೊಂಡು ಹೋಗಿ ಭಾವನಿಗೇ ಕೊಡು." ದಬ್ಬಳವನ್ನು ಕಟ್ಟೆಯ ಮೇಲೆ ಬಿಸಾಡಿ ಮುಖ ತಿರುಗಿಸಿಕೊಂಡ. ಮತ್ತೆ ನೋಡಿದರೆ ಕಟ್ಟೆ ಬರಿದು... ಕಲ್ಲಷ್ಟೇ ಒದ್ದೆ.

ಲಾರಿ ಹತ್ತಿ, ಬೆಟ್ಟ ಬಳಸಿ, ಬೆಳಗಾಗುವಾಗ ಮುಂದಿನ ಬಂದರಿನಲ್ಲಿ ಕಾದು ನಿಂತ. ಹಡಗು ಬಂತು. ಇಳಿಯುತ್ತಿದ್ದ ಭಾವ ಇವನನ್ನು ಕಂಡು ಏಣಿಯ ಮೇಲೇ ನಿಂತುಬಿಟ್ಟ.

"ನೀನು... ರಾತ್ರಿಯೆಲ್ಲ ನನಗೆ ಬೆನ್ನು ಹಾಕಿ ಹಾಯಿ ಹೊಲೀತಾ ಕೂತಿದ್ಯಲ್ಲೋ..."

"ಬಿಲ್ಲೆ ಯಾಕೆ ತಿರುಗಿಸಿದ್ರಿ ಭಾವ?"

ಭಾವ ಪಕ್ಕಕ್ಕೆ ಸರಿದ. ಇವನು ಹಡಗು ಹತ್ತಿದ.

ಹಾಯಿಯ ಹರುಕು ಒಂದು ಮಾರುದ್ದ ಒತ್ತೊತ್ತಾಗಿ ಹೊಲಿದಾಗಿತ್ತು. ಕೊನೆಯ ಹೊಲಿಗೆಯಲ್ಲಿ ದಬ್ಬಳ ಚುಚ್ಚಿಕೊಂಡಿತ್ತು. ಹಿಡಿಗೆ ಮುದುಕ ಸುತ್ತಿಕೊಟ್ಟಿದ್ದ ಅದೇ ನೀಲಿ ಚಿಂದಿ. ಹೊಲಿಗೆ ನೋಡಿದ ಕಪ್ತಾನ ಇವನನ್ನೇ ಚುಕ್ಕಾಣಿಗೆ ಕರೆದ. ಇವನು ದಬ್ಬಳ ಕಿತ್ತುಕೊಂಡು, ಚೀಲ ಹೆಗಲಿಗೇರಿಸಿ, ಇಳಿದು ಬಂದ.

ನೀವಿಬ್ಬರೂ ಯಾಕೆ ಮಾತಾಡಲ್ಲ ಅಂತ ಅಕ್ಕ ಈಗಲೂ ಕೇಳುತ್ತಾಳೆ. ಅವನು ಹೇಳಿಲ್ಲ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಡೆದದ್ದು ನಿಜ. ದಬ್ಬಳ ಅವನ ಪೆಟ್ಟಿಗೆಯಲ್ಲಿದೆ, ನಾನೇ ಮುಟ್ಟಿ ನೋಡಿದ್ದೇನೆ. ಎಷ್ಟು ಬಿಸಿಲಿಗಿಟ್ಟರೂ ಆ ನೀಲಿ ಚಿಂದಿ ಒಣಗಿಲ್ಲ.