ಹಸಿರು ಜೊಲ್ಲು

ಅಲ್ಲ, ನಿನ್ನೇ ಯಾಕೆ ಕರೆದೆ ಅಂತ ತಾನೆ ನೋಡ್ತಿರೋದು? ಹೇಳ್ತೀನಿ, ಕುಂತ್ಕೊ ಮುನವ್ವರಕ್ಕ. ಈ ಕಡೆ, ಸ್ಕ್ರೀನ್ ಕಾಣೋ ಹಂಗೆ. ಲೇತ್ ನಿಂತ್ರೆ ನಿಲ್ಲಲಿ. ಓನರ್ ಮಧ್ಯಾಹ್ನ ಬತ್ತಾರೆ, ಅಷ್ಟರೊಳಗೆ ನಮ್ಮ ಮೇಲೆ ಬರೆದೋರು ಯಾರು ಅಂತ ನಾನು ಹೇಳ್ಬೇಕು.

ಇದ್ ನೋಡು. ಥೂ... ಅಸಹ್ಯ. ಯಾರದೋ ಮಗೀನ ಜೊಲ್ಲು ಬಟ್ಟೆ, ಹಸ್ರಾಗೈತೆ. ಅದನ್ನ ಫೋಟೊ ತೆಗೆದು ಊರಿಗೆಲ್ಲ ತೋರ್ಸವ್ರೆ. ಮೇಲೆ ನಮ್ಮ ಕಂಪ್ನಿ ಹೆಸ್ರು, 'ಗಿಲಿಗಿಚ್ಚಿ'. ಹಲ್ಲು ಬರೋ ಮಕ್ಕಳು ಕಚ್ಚೋ ನಮ್ಮ ಮರದ ಬಳೆಯಿಂದ ಆಗಿದ್ದಂತೆ.

ನಾನು, ಈ ಮನೋಹರ, ಬಿ.ಎಸ್ಸಿ. ಓದಿದೋನು ಅಕ್ಕ, ಸುಮ್ಸುಮ್ನೆ ಯಾರ ಮೇಲೂ ಹೇಳಲ್ಲ. ಬರೀ 'ಗಿಲಿಗಿಚ್ಚಿ' ಅಂತ ಹುಡುಕಿದ್ರೆ ಸಾವಿರದ ಮೇಲೆ ಬತ್ತವೆ, ಎಲ್ಲ ಕಸ. ರಾಗಿ ಥರ ಜರಡಿ ಹಿಡೀಬೇಕು. ಹೆಸರೂ ಇರ್ಬೇಕು, 'ಬಳೆ'ನೂ ಇರ್ಬೇಕು. ಜತೆಗೆ 'ಹಸಿರು' ಇಲ್ಲ 'ಬಣ್ಣ', ಎರಡರಲ್ಲಿ ಒಂದಾದ್ರೂ. ನಮ್ಮ ಪೇಜ್ ಬರೆದಿದ್ದು ಬ್ಯಾಡ. ಊರು ಚನ್ನಪಟ್ಣ. ದಿನ ಈ ಸೋಮವಾರದಿಂದ ಈಚೆಗೆ. ಉಳೀತು ನೋಡು, ಒಂದೇ ಒಂದು. ಆ ಫೋಟೊ ಕೆಳಗೆ ಬರೆದಿರೋದು.

ನಿಂಗೆ ಓದಕ್ಕೆ ಬರಲ್ಲ ಅಲ್ವಾ, ನಾನೇ ಓದ್ತೀನಿ. 'ಗಿಲಿಗಿಚ್ಚಿ ಬಳೆಯ ಈ ಹಸಿರು ಅರಗು ಒತ್ತಿದ್ದಲ್ಲ, ಪೇಂಟಲ್ಲಿ ಅದ್ದಿದ್ದು. ಮಗೀನ ಬಾಯಿಗೆ ಕೊಡಬೇಡಿ.' ಬರೆದೋರ ಹೆಸ್ರಿಲ್ಲ, ಮುಖ ಇಲ್ಲ, ಒಂದು ಬುಗುರಿ ಚಿತ್ರ. ಉಂಡ ಮನೆಗೇ ಎರಡು ಬಗೆಯೋ ಜನ...

ನಗು ಬತ್ತದಾ? ನಗು.

ಹೊರಗಿನೋರಿಗೆ ಇದು ಗೊತ್ತಾಗಲ್ಲ ಅಕ್ಕ. ಗಿರಾಕಿಗೆ ಹಸ್ರು ಅಂದ್ರೆ ಹಸ್ರು. ತಿರುಗೋ ಮರಕ್ಕೆ ಒತ್ತಿದ ಅರಗು ಬಿಸಿಗೆ ಕರಗಿ ಹಿಡ್ಕೋತದೆ, ಬಾಯಲ್ಲಿಟ್ರೂ ಬಿಡಲ್ಲ. ಅದ್ದಿದ್ದು ಬಿಡ್ತದೆ. ನೋಡಿ ಹೇಳೋಕೆ ಲೇತ್ ಮುಂದೆ ಕುಂತ ಕಣ್ಣೇ ಬೇಕು. ಅದೂ ಅಲ್ದೆ ನಾನು ಪೇಂಟ್ ಡಬ್ಬ ತರಿಸಿದ್ದು ಎರಡು ತಿಂಗಳ ಹಿಂದೆ ಒಂದು ಭಾನುವಾರ, ಯಾರೂ ಇರ್ಲಿಲ್ಲ. ಬುತ್ತಿ ಡಬ್ಬಿ ಮರ್ತೆ ಅಂತ ಬಂದೋಳು ನೀನೊಬ್ಳೇ...

ಯಾಕಂಗ್ ನೋಡ್ತೀಯ?

...ತರಿಸಿದ್ದು ಅಂದ್ನಾ? ಮಾತಿಗೆ ಬಂತು. ಸರಿ, ಒಸಿ ತರಿಸ್ದೆ. ಎಂಟು ಸಾವಿರ ಬಳೆ ಆರ್ಡರ್ ಇತ್ತು, ನೀವು ಮೂರು ಜನ ದಿನಕ್ಕೆ ಎಷ್ಟು ಒತ್ತೀರಿ? ಓನರಿಗೆ ಗೊತ್ತಿಲ್ಲ, ಗೊತ್ತಾಗೋದೂ ಬ್ಯಾಡ. ನೀನು ಇಲ್ಲೊಂದು ಸೈನ್ ಹಾಕು, 'ಸುಳ್ಳು ಬರೆಸ್ದೆ, ತಪ್ಪಾಯ್ತು' ಅಂತ. ಕೆಲಸದಿಂದ ತೆಗೆದ್ರೆ ಅವರು ತೆಗೀತಾರೆ, ನಾನಲ್ಲ. ಇಪ್ಪತ್ತು ವರ್ಷದ ಕೈ ಅಂತ ಒಂದು ಮಾತು ಹೇಳ್ತೀನಿ...

ಏಯ್, ಅರಗು ಕೈಲಿ ಸ್ಕ್ರೀನ್ ಮುಟ್ಬ್ಯಾಡ. ಅದೇನ್ ಒತ್ತಿದೆ? ಜರಡಿಯಿಂದ ಊರು ತೆಗೆದ್ಯಾ... ದಿನಾನೂ ತೆಗೆದ್ಯಾ... ಪೇಜಿಂದೂ. ನಿಂಗೆ ಓದಕ್ಕೆ ಬತ್ತದಾ?

ಅರವತ್ತೆರಡು ಬಂದ್ವು.

ಹೂಂ, ಕನಕಪುರ, ಮಾಗಡಿ, ಕೂಟಗಲ್... ಎಲ್ಲ ಅದೇ ಜೊಲ್ಲು, ಅದೇ ಹಸ್ರು. ಸಾಕು. ಇನ್ನೂ ಕೆಳಗೆ ಹೋಗ್ಬ್ಯಾಡ. ಅದು ಹೋದ ತಿಂಗಳದ್ದು, ಮೊದಲ್ನೇದು... ಉತ್ತರ ಕೊಟ್ಟಿದ್ದು ಪೇಜಿಂದ. ಪೇಜ್ ಅಂದ್ರೆ... ನಾನೇ. 'ಮಗೂಗೆ ವಾಂತಿ ನಿಲ್ತಾ ಮೇಡಂ? ದಯವಿಟ್ಟು ಪೋಸ್ಟ್ ತೆಗೀರಿ, ಬೇರೆ ಬಳೆ ಕಳಿಸ್ತೀವಿ.'

ಕಳಿಸ್ದೆ. ಅದೂ ಅದ್ದಿದ ಹಸ್ರೇ.

ಅಕ್ಕ, ಬೈಯಿ.

ಮೇಜಿನ ಮೇಲಿದ್ದ ಆ ಹಸ್ರು ಬಳೆ ಯಾಕೆ ಎತ್ಕೊಂಡೆ? ಕೆಳಗಿಡು. ನನ್ನ ಮುಖದ ಹತ್ರ ಯಾಕೆ ತತ್ತೀಯ... ನಾನು ಬಾಯಿಗಿಡ್ಬೇಕಾ?

ಇಲ್ಲ.

ಇಲ್ಲ ಅಂದ್ನಲ್ಲ. ಅದು ಪೇಂಟಲ್ಲಿ ಅದ್ದಿದ್ದು, ವಾಸ್ನೆ ಬತ್ತದೆ. ತೆಗಿ ಅಕ್ಕ ಅದನ್ನ.